ಮಳೆಗಾಲಕ್ಕೆ ಮುಂಚೆ ಶಟರ್‌ಗೂ ಒಂದು ಸರ್ವಿಸ್

ಕೊಟ್ಟಿಗೆಹಾರದಿಂದ ಬಾಳೂರು, ಜಾವಳಿ, ಕಳಸದ ಕಡೆಗೆ ಹೊರಟರೆ ರೋಲಿಂಗ್ ಶಟರ್ ಇಲ್ಲದ ಊರೇ ಇಲ್ಲ. ದಿನಸಿ ಅಂಗಡಿಗೆ ಶಟರ್, ಕಾಫಿ ಗೋದಾಮಿಗೆ ಶಟರ್, ಜೀಪು ನಿಲ್ಲಿಸುವ ಶೆಡ್ಡಿಗೂ ಶಟರ್. ಮೊದಲು ಕೈಯಲ್ಲಿ ಎಳೆದು ಮೇಲೆತ್ತುತ್ತಿದ್ದ ಇವುಗಳಲ್ಲಿ ಕೆಲವಕ್ಕೆ ಈಗ ಮೋಟಾರ್ ಬಂದಿದೆ. ತೋಟದ ಮನೆ, ಹೋಂಸ್ಟೇಗಳ ಮುಂದಿನ ಗೇಟು ಕೂಡ ರಿಮೋಟ್ ಒತ್ತಿದರೆ ಪಕ್ಕಕ್ಕೆ ಸರಿಯುತ್ತದೆ.

ಕೂರಿಸಿದ ಮೊದಲ ವರ್ಷ ಎಲ್ಲವೂ ಚೆನ್ನಾಗಿಯೇ ಇರುತ್ತದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಕಿರುಗುಟ್ಟಲು ಶುರು. ಆಮೇಲೆ ಅರ್ಧಕ್ಕೆ ನಿಲ್ಲುತ್ತದೆ. ಕೊನೆಗೆ ‘ಮೋಟಾರ್ ಹೋಯ್ತು’ ಎಂಬ ಮಾತು. ನಿಜ ಏನೆಂದರೆ, ಹೆಚ್ಚಿನ ಕಡೆ ಮೊದಲು ಕೆಡುವುದು ಮೋಟಾರ್ ಅಲ್ಲ, ಬಾಗಿಲು. ತುಕ್ಕು ಮತ್ತು ಕೊಳೆಯಿಂದ ಬಾಗಿಲು ಬಿಗಿಯಾಗುತ್ತದೆ. ಬಿಗಿಯಾದ ಬಾಗಿಲನ್ನು ದಿನವೂ ಎಳೆದು ಎಳೆದು ಮೋಟಾರ್ ಸುಟ್ಟುಹೋಗುತ್ತದೆ. ವರ್ಷಕ್ಕೆರಡು ಸಲ ಅರ್ಧ ದಿನ ಕೊಟ್ಟರೆ ಇದನ್ನು ತಪ್ಪಿಸಬಹುದು. ಹೇಗೆಂದು ನೋಡೋಣ.

ಶಟರ್ ಒಳಗೆ ಏನಿದೆ?

ಶಟರ್ ಎಂದರೆ ಒಂದಕ್ಕೊಂದು ಕೊಂಡಿಯಂತೆ ಸಿಕ್ಕಿಸಿದ ತಗಡಿನ ಪಟ್ಟಿಗಳ ಸಾಲು. ಇವು ಸಾಮಾನ್ಯವಾಗಿ ಜಿಐ, ಅಂದರೆ ಸತುವಿನ ಲೇಪ ಕೊಟ್ಟ ಉಕ್ಕಿನ ತಗಡಿನವು. ಪಟ್ಟಿಗಳ ಎರಡು ತುದಿ ಓಡಾಡುವ ಕಬ್ಬಿಣದ ದಾರಿಗೆ ಗೈಡ್ ಚಾನಲ್ ಎನ್ನುತ್ತಾರೆ. ಮೇಲೆ ಒಂದು ದಪ್ಪ ಪೈಪು ಇರುತ್ತದೆ. ಶಟರ್ ಎತ್ತಿದಾಗ ಪಟ್ಟಿಗಳು ಇದಕ್ಕೇ ಸುತ್ತಿಕೊಳ್ಳುತ್ತವೆ. ಕೆಳ ಅಂಚಿನ ಗಟ್ಟಿ ಪಟ್ಟಿಗೆ ಬಾಟಮ್ ಪ್ಲೇಟ್ ಎಂದು ಹೆಸರು. ಬೀಗ ಹಾಕುವುದು ಅದಕ್ಕೆ.

ಕೈಯಲ್ಲಿ ಎತ್ತುವ ಶಟರ್‌ನ ಪೈಪಿನ ಜೊತೆ ಬಲವಾದ ಸ್ಪ್ರಿಂಗ್‌ಗಳಿರುತ್ತವೆ. ತಕ್ಕಡಿಯ ಒಂದು ಕಡೆ ಬಾಗಿಲಿನ ಭಾರ, ಇನ್ನೊಂದು ಕಡೆ ಸ್ಪ್ರಿಂಗ್‌ನ ಬಿಗಿ ಎಂದುಕೊಳ್ಳಿ. ಎರಡೂ ಸಮವಾಗಿದ್ದರೆ ಇಷ್ಟು ದೊಡ್ಡ ಕಬ್ಬಿಣದ ಬಾಗಿಲು ಒಂದು ಕೈಗೆ ಮೇಲೇಳುತ್ತದೆ.

ಮೋಟಾರಿನಲ್ಲಿ ಎರಡು ಬಗೆ ಹೆಚ್ಚು ಬಳಕೆಯಲ್ಲಿವೆ. ಒಂದು ನಡು ಮೋಟಾರ್. ಇದು ಪೈಪಿನ ಮಧ್ಯದಲ್ಲೇ ಕೂತಿರುತ್ತದೆ, ಸ್ಪ್ರಿಂಗ್‌ಗಳೂ ಜೊತೆಗಿರುತ್ತವೆ. ಇನ್ನೊಂದು ಬದಿ ಮೋಟಾರ್. ಇದು ಒಂದು ಪಕ್ಕದಲ್ಲಿದ್ದು ಚೈನ್ ಮತ್ತು ಹಲ್ಲುಚಕ್ರದ ಮೂಲಕ ಪೈಪನ್ನು ತಿರುಗಿಸುತ್ತದೆ. ಭಾರದ ದೊಡ್ಡ ಶಟರ್‌ಗಳಿಗೆ ಇದನ್ನು ಹಾಕುತ್ತಾರೆ, ಇದರಲ್ಲಿ ಸಾಮಾನ್ಯವಾಗಿ ಸ್ಪ್ರಿಂಗ್ ಇರುವುದಿಲ್ಲ. ನಿಮ್ಮದು ಯಾವುದು ಎಂದು ಮೊದಲು ತಿಳಿದುಕೊಳ್ಳಿ. ಮುಂದೆ ಹೇಳುವ ಪರೀಕ್ಷೆಗೆ ಇದು ಬೇಕು.

ಎರಡರಲ್ಲೂ ಲಿಮಿಟ್ ಸ್ವಿಚ್ ಇರುತ್ತದೆ. ಬಾಗಿಲು ಪೂರ್ತಿ ಮೇಲೆ ಅಥವಾ ಪೂರ್ತಿ ಕೆಳಗೆ ಬಂದಾಗ ಮೋಟಾರನ್ನು ತಾನಾಗಿ ನಿಲ್ಲಿಸುವ ಸ್ವಿಚ್ ಇದು. ಕರೆಂಟ್ ಇಲ್ಲದಾಗ ಕೈಯಲ್ಲಿ ತೆರೆಯಲು ಒಂದು ಬಿಡುಗಡೆ ಹಗ್ಗವೋ ಕೈಚೈನೋ ಇರಲೇಬೇಕು. ಅದು ಎಲ್ಲಿದೆ, ಹೇಗೆ ಎಳೆಯಬೇಕು ಎಂಬುದು ಮನೆಯ ಎಲ್ಲರಿಗೂ ಗೊತ್ತಿರಲಿ.

ನಮ್ಮಲ್ಲಿ ಯಾಕೆ ಬೇಗ ಹಾಳಾಗುತ್ತದೆ?

ಹೇಮಾವತಿ ಹುಟ್ಟುವ ಜಾವಳಿಯ ಮಳೆಯ ಬಗ್ಗೆ ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಮೃಗಶಿರಕ್ಕೆ ಹಿಡಿದ ಮಳೆ ಆಶ್ಲೇಷ, ಮಖೆ ದಾಟುವವರೆಗೂ ಬಿಡುವುದಿಲ್ಲ. ಮಳೆ ನಿಂತಾಗಲೂ ಮಂಜು ಇರುತ್ತದೆ. ವಾರಗಟ್ಟಲೆ ಬಿಸಿಲು ಕಾಣದ ತಗಡು ಒಣಗುವುದೇ ಇಲ್ಲ. ಸತುವಿನ ಲೇಪ ತುಕ್ಕನ್ನು ತಡೆಯುತ್ತದೆ ನಿಜ. ಆದರೆ ಪಟ್ಟಿಗಳು ಒಂದಕ್ಕೊಂದು ಉಜ್ಜುವ ಕೊಂಡಿಯ ಜಾಗದಲ್ಲಿ ಲೇಪ ಸವೆಯುತ್ತದೆ. ನೀರು ನಿಲ್ಲುವುದೂ ಅಲ್ಲೇ. ಬಾಟಮ್ ಪ್ಲೇಟಿಗೆ ನೆಲದಿಂದ ಕೆಸರು ನೀರು ಸಿಡಿಯುವುದರಿಂದ ಮೊದಲ ತುಕ್ಕು ಬಹುತೇಕ ಅಲ್ಲಿಂದಲೇ ಶುರು.

ಜೊತೆಗೆ ಕೆಮ್ಮಣ್ಣು, ಚೆರ್ರಿ ಕಾಫಿಯ ಸಿಪ್ಪೆಯ ಧೂಳು, ಸಿಲ್ವರ್ ಓಕ್‌ನ ಎಲೆ. ಗೈಡ್ ಚಾನಲ್ ಒಳಗೆ ಕುಂಬಾರ ಹುಳು ಮಣ್ಣಿನ ಗೂಡು ಕಟ್ಟುತ್ತದೆ. ಗೇಟಿನ ಮೋಟಾರ್ ಪೆಟ್ಟಿಗೆಯೊಳಗೆ ಇರುವೆ ಮತ್ತು ಹಲ್ಲಿ ಸೇರಿಕೊಳ್ಳುತ್ತವೆ. ಒಳಗೆ ಬೆಚ್ಚಗಿರುತ್ತದಲ್ಲ!

ಯಾವ ಎಣ್ಣೆ ಎಲ್ಲಿಗೆ?

ಹೆಚ್ಚು ಜನ ತಪ್ಪುವುದು ಇಲ್ಲೇ. ಕೈಗೆ ಸಿಕ್ಕ ಎಣ್ಣೆಯನ್ನು ಎಲ್ಲ ಕಡೆ ಸುರಿದರೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು.

ಕೊಬ್ಬರಿ ಎಣ್ಣೆ ಬೇಡ. ಅದು ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುತ್ತದೆ. ಡಿಸೆಂಬರ್ ಬೆಳಿಗ್ಗೆ ಬಾಟಲಿಯಲ್ಲೇ ಹೆಪ್ಪುಗಟ್ಟಿ ಕೂತ ಎಣ್ಣೆ ಬೇರಿಂಗ್ ಒಳಗೆ ಮಾತ್ರ ತೆಳ್ಳಗೆ ಹರಿಯುತ್ತದೆಯೇ? ಕಾಲ ಕಳೆದಂತೆ ಅಂಟಾಗಿ ಧೂಳನ್ನೂ ಹಿಡಿಯುತ್ತದೆ.

ಸುಟ್ಟ ಎಂಜಿನ್ ಆಯಿಲ್ ಬೇಡ. ಅದರಲ್ಲಿ ಲೋಹದ ಪುಡಿ, ಮಸಿ ಮತ್ತು ಆಮ್ಲದ ಅಂಶ ಇರುತ್ತದೆ. ಸವೆತ ತಡೆಯಬೇಕಾದದ್ದೇ ಸವೆತಕ್ಕೆ ಕಾರಣವಾಗುತ್ತದೆ.

ಹಾಗಾದರೆ ಡಬ್ಲ್ಯುಡಿ-40 ಹೊಡೆದರೆ ಸಾಲದೇ? ಅದು ನೀರನ್ನು ಹೊರದೂಡಲು, ಹಿಡಿದುಕೊಂಡ ನಟ್ಟು ಸಡಿಲಿಸಲು ಒಳ್ಳೆಯದು. ಅಮೆರಿಕದಲ್ಲಿ 1953ರಲ್ಲಿ ಅದನ್ನು ತಯಾರಿಸಿದ್ದೇ ನೀರು ದೂಡಿ ತುಕ್ಕು ತಡೆಯುವುದಕ್ಕೆ. ಆದರೆ ಬೇಗ ಆರಿಹೋಗುತ್ತದೆ. ಆದ್ದರಿಂದ ಅದನ್ನು ಶುಚಿ ಮಾಡಲು ಬಳಸಿ, ಒರೆಸಿ, ಆಮೇಲೆ ನಿಜವಾದ ಗ್ರೀಸನ್ನೋ ಎಣ್ಣೆಯನ್ನೋ ಹಾಕಿ.

ಬೇಕಾದದ್ದು ಇಷ್ಟು:

- ಬೇರಿಂಗ್‌ಗಳಿಗೆ: ಎಪಿ-3 ಗ್ರೀಸ್. ವಾಹನದ ಚಕ್ರದ ಬೇರಿಂಗಿಗೆ ಹಾಕುವ ಲಿಥಿಯಂ ಗ್ರೀಸ್ ಇದೇ. ನೀರಿಗೆ ಸುಲಭವಾಗಿ ತೊಳೆದುಹೋಗುವುದಿಲ್ಲ.
- ಮೋಟಾರಿನ ಚೈನಿಗೆ: ಬೈಕಿನ ಚೈನ್ ಸ್ಪ್ರೇ ಅಥವಾ ಹೊಸ ಎಂಜಿನ್ ಆಯಿಲ್, ಕೆಲವೇ ಹನಿ.
- ಗೈಡ್ ಚಾನಲ್ ಮತ್ತು ಪಟ್ಟಿಗಳ ಕೊಂಡಿಗೆ: ಸಿಲಿಕೋನ್ ಸ್ಪ್ರೇ. ಇದು ತೆಳುವಾದ ಪದರವಾಗಿ ಕೂರುತ್ತದೆ, ಗ್ರೀಸಿನಷ್ಟು ಧೂಳು ಹಿಡಿಯುವುದಿಲ್ಲ.
- ರಬ್ಬರ್ ಪಟ್ಟಿ ಇದ್ದರೆ: ಸಿಲಿಕೋನ್ ಸ್ಪ್ರೇ ಮಾತ್ರ. ಗ್ರೀಸ್ ತಗುಲಿದರೆ ರಬ್ಬರ್ ಉಬ್ಬಿ ಹಾಳಾಗಬಹುದು.
- ಬೀಗಕ್ಕೆ: ಗ್ರಾಫೈಟ್ ಪುಡಿ. ಸಿಗದಿದ್ದರೆ ಪೆನ್ಸಿಲ್ ಕಡ್ಡಿಯನ್ನು ನುಣ್ಣಗೆ ಪುಡಿ ಮಾಡಿ ಬಳಸಿ.

ಗೋದಾಮು ಇರುವವರಿಗೆ ಒಂದು ವಿಶೇಷ ಎಚ್ಚರಿಕೆ. ಕಾಫಿ ಬೀಜ ಸುತ್ತಲಿನ ವಾಸನೆಯನ್ನು ಹೀರಿಕೊಳ್ಳುತ್ತದೆ. ಒಳಗೆ ಪಾರ್ಚ್‌ಮೆಂಟ್ ಅಥವಾ ಚೆರ್ರಿ ಮೂಟೆ ಇದ್ದಾಗ ಸೀಮೆಎಣ್ಣೆ, ಡೀಸೆಲ್, ಸ್ಪ್ರೇ ಯಾವುದನ್ನೂ ಬಾಗಿಲ ಬಳಿ ಬಳಸಬೇಡಿ. ಕಾಫಿ ಮಾರಿ ಗೋದಾಮು ಖಾಲಿಯಾದ ಮೇಲೆ ಈ ಕೆಲಸ ಮಾಡಿ, ಎರಡು ದಿನ ಗಾಳಿಯಾಡಲು ಬಿಡಿ.

ಕೆಲಸ ಶುರು ಮಾಡುವ ಮುನ್ನ

ಮೊದಲು ಕರೆಂಟ್ ತೆಗೆಯಿರಿ. ಮೋಟಾರಿನ ಎಂಸಿಬಿ, ಅಂದರೆ ಹೆಚ್ಚು ಕರೆಂಟ್ ಹರಿದಾಗ ತಾನೇ ಬೀಳುವ ಸ್ವಿಚ್ ಅನ್ನು ಕೆಳಗಿಳಿಸಿ. ಅಷ್ಟಕ್ಕೇ ನಿಲ್ಲಬೇಡಿ. ನಮ್ಮಲ್ಲಿ ಬಹಳ ಮನೆಗಳಲ್ಲಿ ಯುಪಿಎಸ್ ಇದೆ, ಕೆಲವು ಗೇಟಿನ ಮೋಟಾರಿಗೆ ಅದರದೇ ಬ್ಯಾಟರಿ ಇರುತ್ತದೆ. ಮೇನ್ ಬಂದ್ ಮಾಡಿದರೂ ಅವು ಕರೆಂಟ್ ಕೊಡುತ್ತಲೇ ಇರುತ್ತವೆ. ಎಲ್ಲವನ್ನೂ ಬಿಚ್ಚಿದ ಮೇಲೆ ಒಮ್ಮೆ ರಿಮೋಟ್ ಒತ್ತಿ ನೋಡಿ. ಏನೂ ಅಲುಗಾಡಬಾರದು. ಆಮೇಲೆ ರಿಮೋಟನ್ನು ನಿಮ್ಮ ಜೇಬಿನಲ್ಲೇ ಇಟ್ಟುಕೊಳ್ಳಿ.

ಶಟರ್ ಪೂರ್ತಿ ಕೆಳಗಿರಲಿ. ಏಣಿ ಹಿಡಿಯಲು ಇನ್ನೊಬ್ಬರಿರಲಿ. ಮಕ್ಕಳು ಹತ್ತಿರ ಬೇಡ.

ಹಂತ ಹಂತವಾಗಿ

ಒಂದು, ಒರೆಸುವುದು. ಎಣ್ಣೆಗಿಂತ ಮುಖ್ಯವಾದ ಕೆಲಸ ಇದು. ಕೊಳೆಯ ಮೇಲೆ ಎಣ್ಣೆ ಬಿದ್ದರೆ ಎರಡೂ ಸೇರಿ ಉಜ್ಜುಕಾಗದದ ಕೆಲಸ ಮಾಡುತ್ತವೆ. ಹಳೆಯ ಪೇಂಟ್ ಬ್ರಷ್ಷಿನಿಂದ ಗೈಡ್ ಚಾನಲನ್ನು ಮೇಲಿನಿಂದ ಕೆಳಗಿನವರೆಗೆ ಕೆರೆದು, ಹುಳುವಿನ ಗೂಡು, ಮಣ್ಣು, ಹಳೆಯ ಗ್ರೀಸ್ ಎಲ್ಲ ತೆಗೆಯಿರಿ. ಒಣಬಟ್ಟೆಯಿಂದ ಒರೆಸಿ. ಚಾನಲ್ಲಿನ ಬುಡದಲ್ಲಿ ನೀರು ನಿಲ್ಲುತ್ತಿದೆಯೇ ನೋಡಿ. ನಿಲ್ಲುತ್ತಿದ್ದರೆ ಅದು ಹೊರಹೋಗಲು ದಾರಿ ಮಾಡಿ. ಪ್ರೆಶರ್ ಪಂಪಿನಲ್ಲಿ ನೀರು ಹೊಡೆಯಬೇಡಿ, ಬೇರಿಂಗಿಗೂ ಮೋಟಾರಿಗೂ ನೀರು ನುಗ್ಗುತ್ತದೆ.

ಎರಡು, ತುಕ್ಕು. ಬಾಟಮ್ ಪ್ಲೇಟ್ ಮತ್ತು ಕೆಳಗಿನ ನಾಲ್ಕಾರು ಪಟ್ಟಿಗಳನ್ನು ಕೂತು ನೋಡಿ. ಮೇಲ್ಮೈ ತುಕ್ಕಾದರೆ ಉಜ್ಜುಕಾಗದದಿಂದ ತಿಕ್ಕಿ, ಒರೆಸಿ, ಸತುವಿನ ಅಂಶ ಇರುವ ಪ್ರೈಮರ್ ಹಚ್ಚಿ. ಒಣಗಿದ ಮೇಲೆ ಬಣ್ಣ. ಬೆರಳಿನಿಂದ ಒತ್ತಿದರೆ ತಗಡು ಒಳಗೆ ಹೋಗುತ್ತಿದ್ದರೆ ಬಣ್ಣ ಬಳಿದು ಪ್ರಯೋಜನವಿಲ್ಲ, ಆ ಪಟ್ಟಿಯನ್ನೇ ಬದಲಿಸಬೇಕು. ಪೂರ್ತಿ ಶಟರ್ ಬದಲಿಸಬೇಕಾಗಿಲ್ಲ, ಕೆಟ್ಟ ಪಟ್ಟಿಗಳನ್ನಷ್ಟೇ ತೆಗೆದು ಹೊಸದು ಸೇರಿಸಬಹುದು.

ಮೂರು, ಎಣ್ಣೆ. ಚಾನಲ್ ಒಳಗೆ ಎರಡೂ ಕಡೆ ಸಿಲಿಕೋನ್ ಸ್ಪ್ರೇ ತೆಳ್ಳಗೆ ಹೊಡೆಯಿರಿ. ಪಟ್ಟಿಗಳ ಕೊಂಡಿಯ ಸಾಲಿಗೂ ಹಾಗೆಯೇ. ಮೇಲಿನ ಬೇರಿಂಗ್‌ಗೆ ಗ್ರೀಸ್ ತುಂಬುವ ನಿಪ್ಪಲ್ ಇದ್ದರೆ ಗ್ರೀಸ್ ಗನ್ನಿನಿಂದ ಹಾಕಿ. ನಿಪ್ಪಲ್ ಇಲ್ಲದೆ ಎರಡೂ ಕಡೆ ಮುಚ್ಚಿದ ಬೇರಿಂಗ್ ಆದರೆ ಅದನ್ನು ಮುಟ್ಟಬೇಡಿ. ಅದರ ಗ್ರೀಸ್ ಅದರೊಳಗೇ ಇದೆ. ಮೋಟಾರಿನ ಗೇರ್ ಪೆಟ್ಟಿಗೆಯೂ ಸಾಮಾನ್ಯವಾಗಿ ಹಾಗೆಯೇ ಮುಚ್ಚಿರುತ್ತದೆ. ‘ಒಳಗೂ ಸ್ವಲ್ಪ ಹಾಕೋಣ’ ಎಂದು ಬಿಚ್ಚಲು ಹೋಗಬೇಡಿ. ಮೋಟಾರಿನ ಬ್ರೇಕಿನ ಮೇಲೆ ಎಣ್ಣೆ ಬಿದ್ದರೆ ಶಟರ್ ಎಲ್ಲೆಂದರಲ್ಲಿ ಜಾರಬಹುದು.

ನಾಲ್ಕು, ಓಡಿಸುವುದು. ಕರೆಂಟ್ ಕೊಟ್ಟು ಎರಡು ಮೂರು ಸಲ ಮೇಲೆ ಕೆಳಗೆ ಮಾಡಿ. ಹೆಚ್ಚಾಗಿ ಹೊರಬಂದ ಎಣ್ಣೆ, ಗ್ರೀಸನ್ನು ಒರೆಸಿ. ಕಣ್ಣಿಗೆ ತೊಟ್ಟಿಕ್ಕುವುದು ಕಾಣುತ್ತಿದ್ದರೆ ಹಾಕಿದ್ದು ಜಾಸ್ತಿಯಾಗಿದೆ ಎಂದೇ ಅರ್ಥ.

ಸರಿಯುವ ಗೇಟಿಗೆ

ಗೇಟಿನ ಕೆಳ ಅಂಚಿಗೆ ಹಲ್ಲುಹಲ್ಲಿನ ಉದ್ದ ಪಟ್ಟಿ ಇರುತ್ತದೆ, ಅದು ರ‍್ಯಾಕ್. ಮೋಟಾರಿನಿಂದ ಹೊರಬಂದ ಸಣ್ಣ ಹಲ್ಲುಚಕ್ರ ಅದನ್ನು ತಳ್ಳುತ್ತದೆ, ಅದು ಪಿನಿಯನ್. ರ‍್ಯಾಕಿಗೆ ಗ್ರೀಸ್ ಬಳಿಯುವುದು ಸಾಮಾನ್ಯ ತಪ್ಪು. ನೆಲದಿಂದ ಗೇಣುದ್ದದ ಎತ್ತರದಲ್ಲಿರುವ ಅದಕ್ಕೆ ಮರಳು ಅಂಟಿಕೊಂಡು ಹಲ್ಲು ಸವೆಯುತ್ತದೆ. ಬ್ರಷ್ಷಿನಲ್ಲಿ ಶುಚಿ ಮಾಡಿ ಒಣಗಿದಂತೆಯೇ ಬಿಡಿ. ಗ್ರೀಸ್ ಬೇಕಿರುವುದು ಗೇಟಿನ ಚಕ್ರಗಳ ಬೇರಿಂಗಿಗೆ.

ಎಲೆ ಉದುರುವ ಕಾಲದಲ್ಲಿ ನೆಲದ ಹಳಿಯನ್ನು ವಾರಕ್ಕೊಮ್ಮೆಯಾದರೂ ಗುಡಿಸಿ. ಒದ್ದೆ ಎಲೆ ಚಕ್ರದಡಿ ಸಿಕ್ಕಿ ಗಟ್ಟಿ ಪದರವಾದರೆ ಗೇಟು ಏರಿಳಿದು ಎಡವುತ್ತದೆ. ಆಗ ರ‍್ಯಾಕ್ ಮತ್ತು ಪಿನಿಯನ್ ನಡುವಿನ ಅಂತರ ತಪ್ಪುತ್ತದೆ.

ಗೇಟಿನ ಎರಡು ಕಂಬಗಳಲ್ಲಿ ಎದುರುಬದುರಾಗಿ ಫೋಟೊಸೆಲ್ ಇರಬಹುದು. ನಡುವೆ ಯಾರಾದರೂ ಅಡ್ಡ ಬಂದರೆ ಕಣ್ಣಿಗೆ ಕಾಣದ ಬೆಳಕಿನ ಎಳೆ ತುಂಡಾಗಿ ಗೇಟು ನಿಲ್ಲುತ್ತದೆ. ಅದರ ಗಾಜನ್ನು ಒಣಬಟ್ಟೆಯಿಂದ ಒರೆಸಿ. ಜೇಡರ ಬಲೆ, ಮಂಜಿನ ಹನಿ ಕೂತರೂ ‘ಯಾರೋ ಅಡ್ಡ ಇದ್ದಾರೆ’ ಎಂದು ಗೇಟು ಮುಚ್ಚುವುದಿಲ್ಲ. ಗೇಟು ಹಟ ಮಾಡಿದಾಗ ಮೆಕ್ಯಾನಿಕ್‌ಗೆ ಫೋನ್ ಮಾಡುವ ಮೊದಲು ಇದನ್ನು ನೋಡಿ.

ಮೂರು ಪರೀಕ್ಷೆ

ಸಮತೋಲದ ಪರೀಕ್ಷೆ: ಇದು ಸ್ಪ್ರಿಂಗ್ ಇರುವ ಶಟರ್‌ಗೆ ಮಾತ್ರ. ಮೋಟಾರ್ ಇದ್ದರೆ ಬಿಡುಗಡೆ ಹಗ್ಗ ಎಳೆದು ಕೈಯಲ್ಲಿ ಸೊಂಟದ ಎತ್ತರಕ್ಕೆ ಎತ್ತಿ, ಹಿಡಿತ ಪೂರ್ತಿ ಬಿಡದೆ ನಿಧಾನಕ್ಕೆ ಸಡಿಲಿಸಿ. ಅಲ್ಲೇ ನಿಂತರೆ ಸರಿ. ಜೋರಾಗಿ ಕೆಳಗೆ ಬಂದರೆ ಸ್ಪ್ರಿಂಗ್ ಸಡಿಲವಾಗಿದೆ. ತಾನೇ ಮೇಲಕ್ಕೆ ಓಡಿದರೆ ಅತಿ ಬಿಗಿ.

ಲಿಮಿಟ್ ಪರೀಕ್ಷೆ: ಶಟರ್ ನೆಲ ಮುಟ್ಟಿದ ಕೂಡಲೇ ಮೋಟಾರಿನ ಸದ್ದು ನಿಲ್ಲಬೇಕು. ನೆಲ ಮುಟ್ಟಿದ ಮೇಲೂ ಪಟ್ಟಿಗಳು ಮೇಲಿನಿಂದ ಸಡಿಲವಾಗಿ ಇಳಿಯುತ್ತಿದ್ದರೆ ಲಿಮಿಟ್ ತಪ್ಪಿದೆ. ತಡ ಮಾಡದೆ ಸರಿಪಡಿಸಿಕೊಳ್ಳಿ.

ಅಡ್ಡಿಯ ಪರೀಕ್ಷೆ: ಅಮೆರಿಕದಲ್ಲಿ ಮಕ್ಕಳು ಗ್ಯಾರೇಜ್ ಬಾಗಿಲಿನಡಿ ಸಿಕ್ಕಿ ಸತ್ತ ಪ್ರಕರಣಗಳ ನಂತರ, 1993ರಿಂದ ತಯಾರಾಗುವ ಮನೆಬಳಕೆಯ ಬಾಗಿಲು ಮೋಟಾರುಗಳಿಗೆಲ್ಲ ಯಾರೂ ಅಡಿಯಲ್ಲಿ ಸಿಕ್ಕಿಕೊಳ್ಳದಂತೆ ತಡೆಯುವ ರಕ್ಷಣೆ ಕಡ್ಡಾಯವಾಯಿತು. ಬಾಗಿಲು ಇಳಿಯುವ ಜಾಗದಲ್ಲಿ ಒಂದೂವರೆ ಇಂಚು ದಪ್ಪದ ಮರದ ತುಂಡು ಇಟ್ಟು ನೋಡುವುದು ಅಲ್ಲಿನ ಪದ್ಧತಿ. ತುಂಡಿಗೆ ತಾಗಿದೊಡನೆ ಬಾಗಿಲು ಮೇಲಕ್ಕೆ ಹಿಂದಿರುಗಬೇಕು. ಆದರೆ ನಮ್ಮ ಅಂಗಡಿ, ಗೋದಾಮುಗಳ ಶಟರ್ ಮೋಟಾರುಗಳಲ್ಲಿ ಹಲವಕ್ಕೆ ಈ ಸೌಲಭ್ಯವೇ ಇಲ್ಲ. ನಿಮ್ಮದರಲ್ಲಿ ಇದೆಯೇ ಎಂದು ಕೂರಿಸಿದವರನ್ನು ಕೇಳಿ. ಇಲ್ಲದಿದ್ದರೆ ಈ ಪರೀಕ್ಷೆ ಮಾಡಬೇಡಿ. ಶಟರ್ ನೆಲ ಮುಟ್ಟುವವರೆಗೆ ಅದನ್ನು ನೋಡುತ್ತಲೇ ನಿಲ್ಲಿ. ಮನೆಯೊಳಗೆ ಕೂತು ರಿಮೋಟ್ ಒತ್ತುವ ಅಭ್ಯಾಸ ಬೇಡ.

ಕರೆಂಟು, ಗುಡುಗು, ಮಂಜು

ಮೆಸ್ಕಾಂ ಲೈನಿನ ಕೊನೆಯ ತುದಿಯಲ್ಲಿರುವ ತೋಟಗಳಿಗೆ ಸಂಜೆ ವೋಲ್ಟೇಜ್ ಇಳಿಯುವುದು ಹೊಸದಲ್ಲ. ಶಟರ್‌ನ ಮೋಟಾರಿಗೆ ವೋಲ್ಟೇಜ್ ಐದನೇ ಒಂದು ಭಾಗ ಇಳಿದರೆ ಎಳೆಯುವ ಬಲ ಮೂರನೇ ಒಂದು ಭಾಗಕ್ಕಿಂತಲೂ ಹೆಚ್ಚು ಕುಗ್ಗುತ್ತದೆ. 230 ವೋಲ್ಟ್ ಇರಬೇಕಾದಲ್ಲಿ 180 ಇದ್ದಾಗ ಗುಂಡಿ ಒತ್ತಿ ಹಿಡಿಯುವುದೆಂದರೆ ಮೋಟಾರನ್ನು ಕೈಯಾರೆ ಸುಟ್ಟಂತೆ. ಆಗ ಕೈಚೈನ್ ಬಳಸಿ.

ಮೋಟಾರ್ ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ ಎಂದಾದರೆ ವೋಲ್ಟೇಜ್ ಸರಿಯಿದ್ದಲ್ಲಿ ಕೆಪಾಸಿಟರ್ ಸೋತಿರುವ ಸಾಧ್ಯತೆ ಹೆಚ್ಚು. ಮೋಟಾರಿಗೆ ಮೊದಲ ತಳ್ಳು ಕೊಡುವ ಸಣ್ಣ ಡಬ್ಬಿ ಅದು. ಕೆಲವು ನೂರು ರೂಪಾಯಿಯ ವಸ್ತು. ಕರೆಂಟ್ ತೆಗೆದ ಮೇಲೂ ಅದರಲ್ಲಿ ಶಾಕ್ ಹೊಡೆಯುವಷ್ಟು ವಿದ್ಯುತ್ ಉಳಿದಿರಬಹುದು. ಎಲೆಕ್ಟ್ರಿಷಿಯನ್‌ಗೇ ಬಿಡಿ.

ಮೂಟೆ ಸಾಗಿಸುವ ದಿನ ಲಾರಿ ಬಂದು ಹೋದಾಗಲೆಲ್ಲ ಶಟರ್ ಎತ್ತಿ ಇಳಿಸಬೇಡಿ. ಈ ಮೋಟಾರುಗಳನ್ನು ಬಿಡುವಿಲ್ಲದೆ ಓಡಿಸಲು ಮಾಡಿಲ್ಲ. ಬಿಸಿಯಾದರೆ ಒಳಗಿನ ರಕ್ಷಣಾ ಸ್ವಿಚ್ ಮೋಟಾರನ್ನು ನಿಲ್ಲಿಸುತ್ತದೆ. ಅದು ಕೆಟ್ಟಿದ್ದಲ್ಲ. ಅರ್ಧ ಗಂಟೆ ತಣ್ಣಗಾಗಲು ಬಿಡಿ.

ಹೂಮಳೆಯ ಕಾಲದಿಂದ ಮೇ ಕೊನೆಯವರೆಗೆ ಗುಡುಗು ಸಿಡಿಲು ಹೆಚ್ಚು. ಆಕಾಶ ಕಪ್ಪಾದರೆ ಟಿವಿಯ ಜೊತೆಗೆ ಗೇಟಿನ ಮೋಟಾರಿನ ಪ್ಲಗ್ಗನ್ನೂ ಎಳೆಯಿರಿ. ಅದರೊಳಗಿನ ಬೋರ್ಡು ಹೋದರೆ ಸಾವಿರಗಟ್ಟಲೆ ಖರ್ಚು. ಅರ್ಥಿಂಗ್ ಸರಿಯಿದೆಯೇ ಎಂದು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ.

ಮೋಟಾರ್ ಪೆಟ್ಟಿಗೆಗೆ ವೈರು ಕೆಳಗಿನಿಂದ ಹೋಗುವಂತಿರಲಿ. ಮೇಲಿನಿಂದ ಹೋದರೆ ನೀರು ವೈರಿನ ಗುಂಟ ಒಳಗೆ ಇಳಿಯುತ್ತದೆ. ವೈರಿನ ತೂತನ್ನು ಸಿಲಿಕೋನ್ ಸೀಲೆಂಟ್‌ನಿಂದ ಮುಚ್ಚಿದರೆ ಇರುವೆಯೂ ಬರುವುದಿಲ್ಲ. ಒಳಗೆ ಒಂದು ಸಿಲಿಕಾ ಜೆಲ್ ಪೊಟ್ಟಣ, ಅಂದರೆ ತೇವ ಹೀರುವ ಹರಳಿನ ಪೊಟ್ಟಣ ಇಡಿ.

ರಿಮೋಟ್ ಹತ್ತಿರದಿಂದ ಮಾತ್ರ ಕೆಲಸ ಮಾಡುತ್ತಿದ್ದರೆ ಮೊದಲು ಅದರ ಸೆಲ್ ಬದಲಿಸಿ ನೋಡಿ.

ಇದನ್ನು ನೀವು ಮಾಡಬೇಡಿ

ಸ್ಪ್ರಿಂಗ್ ಬಿಗಿ ಮಾಡುವುದು, ಸಡಿಲಿಸುವುದು, ಅದರ ಬೋಲ್ಟ್ ಬಿಚ್ಚುವುದು – ಈ ಕೆಲಸಕ್ಕೆ ಕೈ ಹಾಕಬೇಡಿ. ಬಾಗಿಲಿನ ಪೂರ್ತಿ ಭಾರಕ್ಕೆ ಸಮನಾದ ಶಕ್ತಿ ಆ ಸುರುಳಿಯಲ್ಲಿ ತುಂಬಿರುತ್ತದೆ. ಒಮ್ಮೆಗೇ ಬಿಚ್ಚಿಕೊಂಡರೆ ಕೈ ಮುರಿಯುತ್ತದೆ, ಏಣಿಯ ಮೇಲಿದ್ದರೆ ಜೀವಕ್ಕೇ ಅಪಾಯ. ಸ್ಪ್ರಿಂಗ್ ತುಂಡಾದದ್ದು ಕಂಡರೆ, ಶಟರ್ ಒಂದು ಕಡೆ ವಾಲಿದರೆ, ಚಾನಲ್ ಗೋಡೆಯಿಂದ ಬಿಟ್ಟುಕೊಂಡಿದ್ದರೆ ಬಳಕೆ ನಿಲ್ಲಿಸಿ ಶಟರ್ ಕೆಲಸದವರನ್ನು ಕರೆಸಿ.

ಖರ್ಚು ಎಷ್ಟು, ಎಲ್ಲಿ ಸಿಗುತ್ತದೆ?

ಅರ್ಧ ಕೆಜಿ ಗ್ರೀಸ್, ಒಂದು ಸಿಲಿಕೋನ್ ಸ್ಪ್ರೇ, ಬ್ರಷ್, ಉಜ್ಜುಕಾಗದ, ಸಣ್ಣ ಡಬ್ಬಿ ಪ್ರೈಮರ್ – ಎಲ್ಲ ಸೇರಿ ಅಂದಾಜು ಸಾವಿರ ರೂಪಾಯಿಯ ಆಸುಪಾಸು. ಬ್ರ್ಯಾಂಡಿನ ಮೇಲೆ ಹೆಚ್ಚು ಕಡಿಮೆಯಾಗಬಹುದು. ಒಂದು ಸಲ ತಂದ ಗ್ರೀಸ್ ಹಲವು ಸಲಕ್ಕೆ ಸಾಕು. ಹೊಸ ಮೋಟಾರ್ ಎಂದರೆ ಲೆಕ್ಕ ಹತ್ತಾರು ಸಾವಿರಕ್ಕೆ ಹೋಗುತ್ತದೆ.

ಗ್ರೀಸ್, ಚೈನ್ ಸ್ಪ್ರೇ ವಾಹನದ ಬಿಡಿಭಾಗದ ಅಂಗಡಿಯಲ್ಲಿ ಸಿಗುತ್ತವೆ. ಉಳಿದವು ಹಾರ್ಡ್‌ವೇರ್ ಅಂಗಡಿಯಲ್ಲಿ. ಮೂಡಿಗೆರೆ, ಕಳಸದಲ್ಲಿ ಸಿಗದಿದ್ದರೆ ಚಿಕ್ಕಮಗಳೂರು ಅಥವಾ ಹಾಸನಕ್ಕೆ ಹೋದಾಗ ತನ್ನಿ. ಪಟ್ಟಿ ಬದಲಿಸಲು ಶಟರ್ ಮಾಡುವ ವೆಲ್ಡಿಂಗ್ ಶಾಪಿನವರು, ಸುಟ್ಟ ಮೋಟಾರಿಗೆ ರಿವೈಂಡಿಂಗ್ ಅಂಗಡಿಯವರು ಬೇಕು. ಹೊಸದಾಗಿ ಮೋಟಾರ್ ಕೂರಿಸುವವರು ಇದಿಷ್ಟನ್ನು ಕೇಳಿ: ಗ್ಯಾರಂಟಿ ಎಷ್ಟು ವರ್ಷ, ಬಿಡಿಭಾಗ ಎಲ್ಲಿ ಸಿಗುತ್ತದೆ, ಮಳೆಗಾಲದಲ್ಲಿ ಕರೆದರೆ ಯಾರು ಬರುತ್ತಾರೆ. ಚಾರ್ಮಾಡಿ ಘಾಟಿ ಬಂದ್ ಆದ ದಿನ ಮಂಗಳೂರಿನ ಮೆಕ್ಯಾನಿಕ್ ಬರುವುದಿಲ್ಲ.

ಯಾವಾಗ ಮಾಡಬೇಕು?

ವರ್ಷಕ್ಕೊಮ್ಮೆ ಸಾಲದೇ ಎಂದು ಕೇಳಬಹುದು. ಬಯಲುಸೀಮೆಗೆ ಸಾಕಾಗಬಹುದು, ನಮಗೆ ಸಾಲದು. ಮೊದಲ ಸಲ ಮೇ ತಿಂಗಳಲ್ಲಿ ಮಾಡಿ. ಆಗ ತಗಡು ಒಣಗಿರುತ್ತದೆ, ಬಣ್ಣ ಹಿಡಿಯುತ್ತದೆ, ಕಾಫಿ ಮಾರಿದವರ ಗೋದಾಮು ಖಾಲಿ ಇರುತ್ತದೆ. ಎರಡನೆಯ ಸಲ ಅಕ್ಟೋಬರ್‌ನಲ್ಲಿ, ಮಳೆ ತಗ್ಗಿದ ಮೇಲೆ, ಅರೇಬಿಕಾ ಕೊಯ್ಲಿಗೆ ಮುಂಚೆ. ಒಂದೇ ಸಲ ಮಾಡಲು ಸಾಧ್ಯ ಎನ್ನುವವರು ಮೇ ತಿಂಗಳನ್ನು ಆರಿಸಿಕೊಳ್ಳಿ. ನಡುವೆ ತಿಂಗಳಿಗೊಮ್ಮೆ ಚಾನಲ್ ಒರೆಸಿದರೆ ಸಾಕು.

ಮಾಡಿದ ತಾರೀಖನ್ನು ಶಟರ್ ಪಕ್ಕದ ಗೋಡೆಯ ಮೇಲೆ ಬರೆದಿಡಿ. ಮುಂದಿನ ಸಲ ಮೆಕ್ಯಾನಿಕ್ ಬಂದಾಗ ಅವರು ಕೇಳುವ ಮೊದಲ ಪ್ರಶ್ನೆ ಅದೇ. ನಿಮ್ಮ ಶಟರ್‌ನ ಬಿಡುಗಡೆ ಹಗ್ಗ ಎಲ್ಲಿದೆ ಎಂದು ನಿಮಗಿನ್ನೂ ಗೊತ್ತಿಲ್ಲದಿದ್ದರೆ, ಎಣ್ಣೆ ತರುವುದಕ್ಕೂ ಮೊದಲು ಇವತ್ತೇ ಹೋಗಿ ಅದನ್ನು ನೋಡಿಕೊಳ್ಳಿ.